ದಾನಮ್ಮ ನಡೆಯದ ಹೆಜ್ಜೆಗಳು

ಮಂಗಳವಾರ ಸಂಜೆ ನಾಲ್ಕೂವರೆಗೆ ಪರದೆಯ ಮೇಲೆ ಬಂದ ಅಂಕಿ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಹದಿನೆಂಟು ಸಾವಿರದ ನಾನೂರು ಹೆಜ್ಜೆ! ತೊಡೆಯ ಮೂಳೆ ಮುರಿದು, ಒಳಗೆ ಲೋಹದ ಪಟ್ಟಿ ಕೂರಿಸಿ ಇನ್ನೂ ಇಪ್ಪತ್ತಾರು ದಿನ. ಆರು ವಾರ ಹಾಸಿಗೆ ಬಿಟ್ಟು ಏಳಕೂಡದೆಂದು ನಾವೇ ಬರೆದುಕೊಟ್ಟಿದ್ದೆವು. ಅಂಥ ಹೆಂಗಸು ಒಂದೇ ದಿನದಲ್ಲಿ ಇಷ್ಟು ನಡೆದಿದ್ದಾಳೆ ಎಂದರೆ ಏನು ಹೇಳುವುದು? ಗಟ್ಟಿಮುಟ್ಟಾಗಿರುವ ನಾನೇ ಬೆಳಿಗ್ಗೆ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಏದುಸಿರು ಬಿಡುತ್ತ ಸುತ್ತಿ ಬಂದರೂ ಆರು ಸಾವಿರ ದಾಟುವುದಿಲ್ಲ.

"ಮತ್ತೆ ನೋಡು ಫರ್ಜಾನಾ, ಯಂತ್ರ ತಪ್ಪಿರಬಹುದು," ಎಂದೆ.

"ಮೂರು ಸಲ ನೋಡಿದೆ ಮ್ಯಾಡಮ್. ಗ್ರಾಫ್ ನೋಡ್ರಿ. ಅರ್ಧ ನಿಮಿಷ ನಡೆದಾಳ, ಎರಡು ನಿಮಿಷ ಸುಮ್ಮನ ಅದಾಳ. ಮತ್ತ ಅರ್ಧ ನಿಮಿಷ ನಡಿಗಿ. ಬೆಳಿಗ್ಗಿಯಿಂದ ಸಂಜೀತನಕ ಇದೇ ಕಥಿ."

ಫರ್ಜಾನಾ ನಮ್ಮ ಪ್ರಯೋಗಾಲಯದಲ್ಲಿ ಕೋಶಗಳನ್ನು ಸಾಕುವವಳು. ಹದಿನೈದು ವರ್ಷದಿಂದ ಇದೇ ಕೆಲಸ ಮಾಡಿರುವ ಆಕೆಯ ಕಣ್ಣು ತಪ್ಪುವುದು ಅಪರೂಪ. ಗ್ರಾಫು ಅವಳು ಹೇಳಿದಂತೆಯೇ ಇತ್ತು. ಒಲೆಯಿಂದ ನೀರಿನ ಕೊಡದ ತನಕ, ಅಲ್ಲಿಂದ ಹಿತ್ತಿಲಿನ ತನಕ, ಮತ್ತೆ ಒಲೆಗೆ. ಮನೆಗೆಲಸ ಮಾಡುವ ಹೆಂಗಸಿನ ದಿನಚರಿಯನ್ನು ಯಾರೋ ಗೆರೆ ಎಳೆದು ತೋರಿಸಿದಂತಿತ್ತು. ಹಿಂದಿನ ದಿನಗಳ ಲೆಕ್ಕವೂ ಹಾಗೆಯೇ, ಸೋಮವಾರ ಮಾತ್ರ ಇಡೀ ಹಗಲು ಸೊನ್ನೆ. ದಣಿದು ಒಂದು ದಿನ ಮಲಗಿರಬೇಕು ಎಂದುಕೊಂಡೆ.

ಆ ಪಟ್ಟಿಯ ಮೇಲಿದ್ದ ಲೇಪನ ನನ್ನದು. ಹೆಜ್ಜೆಲೇಪ ಎಂದು ಹೆಸರಿಟ್ಟವಳೂ ನಾನೇ. ನಮ್ಮ ಮೂಳೆಯ ಮಜ್ಜೆಯಲ್ಲಿ ಕಾಂಡಕೋಶಗಳಿರುತ್ತವೆ. ಮುಂದೆ ಏನಾಗಬೇಕೆಂದು ಇನ್ನೂ ಮನಸ್ಸು ಮಾಡದ ಕೋಶಗಳವು. ಮೂಳೆಯಾಗಬಹುದು, ಮೃದ್ವಸ್ಥಿಯಾಗಬಹುದು, ಕೊಬ್ಬಾಗಿ ಸುಮ್ಮನೆ ಕೂತುಬಿಡಲೂಬಹುದು. ಕುಳಿತ ಜಾಗವನ್ನು ಮುಟ್ಟಿ ತಡವಿ ಅವು ತೀರ್ಮಾನಕ್ಕೆ ಬರುತ್ತವೆ. ನುಣ್ಣನೆಯ ಲೋಹದ ಮೇಲೆ ಬಿಟ್ಟರೆ ಗುಂಡಗೆ ಮುದುರಿಕೊಳ್ಳುತ್ತವೆ. ತರಿತರಿಯಾದ, ಸುಣ್ಣದ ಅಂಶವಿರುವ ಲೇಪನದ ಮೇಲೆ ಬಿಟ್ಟರೆ ಕೈಕಾಲು ಚಾಚಿ ಹರಡಿಕೊಂಡು ಮೂಳೆ ಕಟ್ಟುವ ದಾರಿ ಹಿಡಿಯುತ್ತವೆ. ನಾನು ಅದಕ್ಕೆ ಇನ್ನೊಂದು ಹರಳನ್ನು ಸೇರಿಸಿದ್ದೆ. ಒತ್ತಡ ಬಿದ್ದರೆ ಆ ಹರಳಿನಲ್ಲಿ ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ. ರೋಗಿ ಕಾಲೂರಿದಾಗಲೆಲ್ಲ ಲೇಪನ ಮಿಡಿಯುತ್ತದೆ, ಇಲ್ಲಿ ಭಾರ ಬೀಳುತ್ತಿದೆ ಎಂಬ ಸುದ್ದಿ ಕೋಶಗಳಿಗೆ ಮುಟ್ಟುತ್ತದೆ, ಅವು ಅಲ್ಲಿ ಮೂಳೆ ಕಟ್ಟುತ್ತವೆ. ಮಿಡಿತದ ಲೆಕ್ಕ ಪಟ್ಟಿಯೊಳಗಿನ ಚಿಪ್‌ನಿಂದ ರೋಗಿಯ ಮನೆಯ ಫೋನಿಗೆ, ಅಲ್ಲಿಂದ ನಮಗೆ ಬರುತ್ತದೆ. ಮೊದಲ ಆರು ವಾರ ಕೋಶಗಳು ನೆಲೆಯೂರಬೇಕು, ಆಮೇಲೆ ನಡಿಗೆ ಶುರುವಾಗಬೇಕು. ಕುರಿಗಳಲ್ಲಿ ಇದು ಸೊಗಸಾಗಿ ನಡೆದಿತ್ತು. ಮನುಷ್ಯರಲ್ಲಿ ದಾನಮ್ಮ ಮೊದಲನೆಯವಳು.

ಬನಹಟ್ಟಿಯ ನೇಕಾರರ ಮನೆಯ ಸೊಸೆ ಆಕೆ. ಮೂವತ್ತೊಂದು ವರ್ಷ. ಮಾಳಿಗೆಯಿಂದ ನೂಲಿನ ಗಂಟು ಇಳಿಸುವಾಗ ಏಣಿ ಜಾರಿ ಬಿದ್ದಿದ್ದಳು. ಈಗ ಅವಳ ತೊಡೆಯಲ್ಲಿ ಕೋಶಗಳು ಹದಿನೆಂಟು ಸಾವಿರ ಹೆಜ್ಜೆಯ ಸುದ್ದಿ ನಂಬಿ ಹಗಲಿಡೀ ದುಡಿಯುತ್ತಿದ್ದವು. ಭಾನುವಾರದ ಸ್ಕ್ಯಾನಿನಲ್ಲಿ ಮೂಳೆಯ ಹಿಂಬದಿಗೆ ಜಾಲಿಮುಳ್ಳಿನಂಥ ಹೊಸ ಮೂಳೆ ಚಾಚಿತ್ತು. ಅದರ ತುದಿಯಿಂದ ಕಾಲಿನ ದೊಡ್ಡ ನರಕ್ಕೆ ಎರಡು ಮಿಲಿಮೀಟರಿಗಿಂತ ಕಡಿಮೆ ಅಂತರ. ಪಾದದ ಮೇಲೆ ಜುಮುಜುಮು ಎನ್ನುತ್ತದೆ, ಹೆಬ್ಬೆರಳು ಮೇಲೆತ್ತಲು ಬರುತ್ತಿಲ್ಲ ಎಂದು ದಾನಮ್ಮ ಆಗಲೇ ಹೇಳಿದ್ದಳು. ಮೂಳೆ ಆ ನರವನ್ನು ಸುತ್ತಿಕೊಂಡರೆ ಪಾದ ಜನ್ಮಕ್ಕೂ ಜೋತುಬಿದ್ದಂತೆಯೇ.

ಸಿಟ್ಟು ತಡೆಯದೆ ಫೋನ್ ಮಾಡಿದೆ. ಎತ್ತಿಕೊಂಡವರು ಅತ್ತೆ, ಸಾವಂತ್ರೆವ್ವ.

"ಅವ್ವಾರ, ಸೊಸೀನ ಯಾಕ ಹೀಂಗ ದುಡಿಸ್ಲಿಕತ್ತೀರಿ? ಅಕೀ ಕಾಲು ಹೋಗೋದು ನಿಮಗ ಬೇಕೇನು?"

ಆ ಕಡೆಯಿಂದ ಖಡಖಡ ಮಗ್ಗದ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ಮುದುಕಿ ನಿಧಾನವಾಗಿ ಹೇಳಿದರು:

"ಬನಶಂಕರಿ ಆಣಿ ಮಾಡಿ ಹೇಳತೀನ್ರಿ ಬಾಯಾರ. ಸೊಸಿ ನೆಲಕ್ಕ ಕಾಲ ಊರಿಲ್ಲ. ಉಚ್ಚಿ ಹೊಲಸು ಎಲ್ಲಾ ನಾನ ತಗೀತೀನಿ."

"ನಮ್ಮ ಯಂತ್ರ ಸುಳ್ಳು ಹೇಳತದೇನು?"

"ನಿಮ್ಮ ಯಂತ್ರ ನನಗೇನ ಗೊತ್ತರಿ. ನಾನಂತೂ ಹೇಳಾಂಗಿಲ್ಲ."

ಫೋನ್ ಇಟ್ಟುಬಿಟ್ಟರು. ಎಷ್ಟು ಸೊಕ್ಕು ಈ ಅತ್ತೆಗೆ ಎಂದು ನಾನು ಇನ್ನಷ್ಟು ಕುದಿದೆ. ಶಸ್ತ್ರವೈದ್ಯ ಇನಾಂದಾರರು ಕುದಿಯುವವರಲ್ಲ. ಗ್ರಾಫನ್ನೂ ಸ್ಕ್ಯಾನನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗುರುವಾರ ಬೆಳಿಗ್ಗೆ ಪಟ್ಟಿ ತೆಗೆದುಬಿಡೋಣ ಎಂದರು. ಅರ್ಧ ಕೂಡಿದ ಮೂಳೆಯಿಂದ ಪಟ್ಟಿ ಕಿತ್ತರೆ ಕಾಲು ಗಿಡ್ಡವಾಗುತ್ತದೆ, ದಾನಮ್ಮ ಕುಂಟುತ್ತಾಳೆ. ಬಿಟ್ಟರೆ ನರ ಹೋಗುತ್ತದೆ. ಕುಂಟುವುದು ವಾಸಿ ಎಂಬುದು ಅವರ ತೀರ್ಮಾನ. ವರದಿಯಲ್ಲಿ ಕಾರಣ ಬರೆಯಬೇಕಾದವಳು ನಾನು. 'ರೋಗಿಯು ಸೂಚನೆಗಳನ್ನು ಪಾಲಿಸಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಗಾಡಿಯಲ್ಲಿ ದಾನಮ್ಮನನ್ನು ಕರೆತರಲು ನಾನೇ ಹೊರಟೆ. ಕರೆತರುವುದಕ್ಕಿಂತ ಅತ್ತೆಗೆ ಎದುರು ನಿಂತು ನಾಲ್ಕು ಮಾತು ಹೇಳಬೇಕೆಂಬ ಹಟವೇ ಹೆಚ್ಚಾಗಿತ್ತು. ಬನಹಟ್ಟಿ ಮುಟ್ಟಿದಾಗ ಹನ್ನೊಂದು ಗಂಟೆ. ಓಣಿಯ ಎರಡೂ ಬದಿಯ ಮನೆಗಳಿಂದ ವಿದ್ಯುತ್ ಮಗ್ಗಗಳ ಸದ್ದು ಬರುತ್ತಿತ್ತು. ಮಾತಾಡುವವರು ಒಬ್ಬರ ಕಿವಿಗೆ ಒಬ್ಬರು ಬಾಗಿ, ಯಾವ ತ್ರಾಸೂ ಇಲ್ಲದೆ ಮಾತಾಡುತ್ತಿದ್ದರು.

ದಾನಮ್ಮನ ಗಂಡ ಗುರುಸಿದ್ದಪ್ಪ ಬಾಗಿಲಲ್ಲೇ ಸಿಕ್ಕ. ಊರಿನ ಮಗ್ಗಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಕೈಯಲ್ಲಿ ಗ್ರೀಸು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲು ದಾಟಿದೆ.

ಒಳಗೆ ಒಂದೇ ದೊಡ್ಡ ಕೋಣೆ, ಹಿಂದೊಂದು ಅಡಿಗೆಮನೆ. ಕೋಣೆಯ ತುಂಬ ಎರಡು ಮಗ್ಗ. ಅವುಗಳ ನಡುವೆ ನಿಂತು ಸಾವಂತ್ರೆವ್ವ ಎರಡನ್ನೂ ನೋಡಿಕೊಳ್ಳುತ್ತಿದ್ದರು. ಈ ಕಡೆ ತಿರುಗಿ ಹರಿದ ಎಳೆ ಕಟ್ಟಿ, ಆ ಕಡೆ ತಿರುಗಿ ಲಾಳಿ ಬದಲಿಸುತ್ತಿದ್ದರು. ನನ್ನನ್ನು ಕಂಡರೂ ಬನ್ನಿ ಎನ್ನಲಿಲ್ಲ. ಮಗ್ಗಕ್ಕೆ ಮೂರು ಮಾರು ದೂರದಲ್ಲಿ, ಗೋಡೆಗೆ ಹತ್ತಿ, ನೆಲದ ಮೇಲಿನ ಹಾಸಿಗೆಯಲ್ಲಿ ದಾನಮ್ಮ ಮಲಗಿದ್ದಳು.

"ಇಲ್ಲ್ಯಾಕ ಮಲಗೀರಿ, ಈ ಗದ್ದಲದಾಗ?"

"ಒಬ್ಬಾಕೀನ ಒಳಗ ಹಾಕಿದ್ರ ಬ್ಯಾಸರ ಅಕ್ಕೈತಿ ಅಂತ ಅತ್ತಿ ಇಲ್ಲೇ ಹಾಸ್ಯಾರ್ರೀ. ಜಡ್ಡಾದವರನ್ನ ಒಬ್ಬರನ್ನ ಬಿಡಬಾರದಲ್ರಿ. ಮಗ್ಗದ ಸಪ್ಪಳ ಕೇಳಿದ್ರ ನನಗ ನಿದ್ದಿ ಬರ್ತದ್ರಿ, ಇಲ್ಲಾಂದ್ರ ಬರಾಂಗಿಲ್ಲ," ಎಂದು ದಾನಮ್ಮ ನಕ್ಕಳು.

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಆಕೆಯ ಕಾಲು ನೋಡಿದೆ. ಹಿಮ್ಮಡಿ ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು. ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ ಹಾಕಿದ ಪಾದ ಹೀಗಿರುತ್ತದೆಯೇ? ಸಂಶಯ ಬಂದು ಫೋನು ತೆರೆದು ನೇರ ಲೆಕ್ಕದ ಪರದೆಯನ್ನು ಹಾಕಿಕೊಂಡೆ. ಬೆಳಗಿನಿಂದ ಏಳು ಸಾವಿರದ ಇನ್ನೂರ ಹತ್ತು. ಅಂಕಿ ನಿಂತೇ ಇತ್ತು. ಸರಿ, ಮಲಗಿದ್ದಾಳಲ್ಲ, ನಿಲ್ಲಲೇಬೇಕು.

ಆಗ ಅದು ಓಡತೊಡಗಿತು. ಹನ್ನೊಂದು, ಹನ್ನೆರಡು, ಹದಿಮೂರು. ನನ್ನ ಕಣ್ಣೆದುರಿಗೆ ದಾನಮ್ಮ ಅಂಗಾತ ಮಲಗಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಪರದೆಯಲ್ಲಿ ಆಕೆ ಬಿರಬಿರನೆ ನಡೆಯುತ್ತಿದ್ದಳು. ಎಪ್ಪತ್ತೈದು ಹೆಜ್ಜೆಯಾಗಿ ಅಂಕಿ ಮತ್ತೆ ನಿಂತಿತು. ಎರಡು ನಿಮಿಷ ಪರದೆಯಿಂದ ಕಣ್ಣು ಕೀಳದೆ ನಿಂತೆ. ಮತ್ತೆ ಓಟ.

ಈ ಸಲ ಅದನ್ನು ನನ್ನ ಬರಿಗಾಲು ಹಿಡಿಯಿತು. ಅಂಕಿ ಓಡುವಾಗ ಅಂಗಾಲಿನ ಕೆಳಗಿನ ಕಲ್ಲುಹಾಸು ಜೋರಾಗಿ ಅದುರುತ್ತಿತ್ತು, ನಿಂತಾಗ ಮೆಲ್ಲಗೆ.

"ನೆಲ ಅದುರ್ತದಲ್ಲ?"

"ಎಲ್ಲಿ?" ಎಂದ ಗುರುಸಿದ್ದಪ್ಪ. ನಿಜವಾಗಿಯೂ ಅವನಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅದುರುವ ನೆಲದ ಮೇಲೆ ಉಂಡು ಮಲಗಿದವನು. ಆಮೇಲೆ ಬಗ್ಗಿ ಅಂಗೈ ಊರಿ ನೋಡಿ, "ಹೌದ್ರಿ, ಎರಡೂ ಮಗ್ಗ ಒಮ್ಮೊಮ್ಮೆ ಕೂಡಿ ಬಡೀತಾವ. ಮತ್ತ ತಪ್ಪತಾವ. ಒಂದು ಚೂರು ಹಿಂದಾ ಮುಂದಾ ಓಡತಾವಲ್ರಿ, ಅದಕ್ಕ," ಎಂದ.

"ನಿಮಿಷಕ್ಕ ಎಷ್ಟು ಹೊಡತ?"

"ನೂರಾ ಐವತ್ತು."

ಚುರುಕಾಗಿ ನಡೆಯುವ ಮನುಷ್ಯ ನಿಮಿಷಕ್ಕೆ ಇಡುವುದೂ ಹೆಚ್ಚುಕಡಿಮೆ ಅಷ್ಟೇ ಹೆಜ್ಜೆ. ಪೂರ್ತಿ ಭಾರ ಹಾಕಿ ಕಾಲೂರಿದರೆ ಹೆಜ್ಜೆಲೇಪ ಒಂದೊಂದನ್ನೂ ಎಣಿಸುತ್ತದೆ. ಆದರೆ ನೋವಿನ ಹೆದರಿಕೆಗೆ ಮೆಲ್ಲಗೆ ಕಾಲಿಡುವ ರೋಗಿಗಳೂ ಇರುತ್ತಾರಲ್ಲ ಎಂದು ನಾನು ಅದಕ್ಕೆ ಇನ್ನೊಂದು ಗುಣ ಕೊಟ್ಟಿದ್ದೆ: ತೀರ ಸಣ್ಣ ಒತ್ತಡವಾದರೂ ಸರಿ, ನಡಿಗೆಯ ಗತಿಯಲ್ಲಿ ಒಂದರ ಹಿಂದೊಂದು ಬಂದರೆ ಅದನ್ನೂ ಹೆಜ್ಜೆಯೆಂದೇ ತಿಳಿ. ಆ ಧಾರಾಳತನಕ್ಕೆ ಸಮ್ಮೇಳನದಲ್ಲಿ ಚಪ್ಪಾಳೆ ಗಿಟ್ಟಿಸಿದ್ದೆ. ನಮ್ಮ ಕುರಿಗಳು ಮೆತ್ತನೆಯ ಹುಲ್ಲಿನ ಮೇಲೆ ಮಲಗಿದ್ದವು. ಮಗ್ಗದ ಪಕ್ಕದಲ್ಲಿ ಮಲಗಿರಲಿಲ್ಲ.

"ಸೋಮವಾರ ಮಗ್ಗ ನಡೀಲಿಲ್ಲೇನು?"

"ಕರೆಂಟ್ ಇರಲಿಲ್ಲರಿ ಹಗಲೆಲ್ಲಾ," ಎಂದಳು ದಾನಮ್ಮ.

"ಅವ್ವಾರ, ಮಗ್ಗ ನಿಂದರಸ್ರಿ!" ಕೂಗಿಯೇಬಿಟ್ಟೆ.

ಸಾವಂತ್ರೆವ್ವ ತಿರುಗಿ ನೋಡಿದರು. "ನಡುವ ನಿಂದರಿಸಿದ್ರ ಅರಿವ್ಯಾಗ ಗೆರಿ ಬೀಳತೈತ್ರಿ."

"ಬೀಳಲಿ. ಈ ಮಗ್ಗದ ಹೊಡತ ನಿಮ್ಮ ಸೊಸಿ ಕಾಲು ತಿನ್ನಲಿಕತ್ತದ."

ಮುದುಕಿಯ ಕೈ ಒಂದಾದ ಮೇಲೊಂದು ಎರಡೂ ಗುಂಡಿಗಳಿಗೆ ಹೋಯಿತು. ಮಗ್ಗಗಳು ನಿಂತವು. ಪಕ್ಕದ ಮನೆಗಳ ಸದ್ದು ಕೇಳುತ್ತಲೇ ಇತ್ತು, ಆದರೆ ಆ ಮನೆಗಳ ಬುನಾದಿ ಬೇರೆ. ಈ ಮನೆಯ ನೆಲ ಸುಮ್ಮನಾಯಿತು. ಹತ್ತು ನಿಮಿಷ ಕಾದೆವು. ಅಂಕಿ ಅಲುಗಲಿಲ್ಲ. ನಡೆದದ್ದನ್ನು ನಾನು ಹೇಳಿದಾಗ ಸಾವಂತ್ರೆವ್ವ ಮಗ್ಗಕ್ಕೆ ಒರಗಿ ನಿಂತುಬಿಟ್ಟರು.

"ಅಕೀದೊಂದು, ನಂದೊಂದು ಮಗ್ಗ ಇತ್ರಿ. ಅಕೀ ಮಗ್ಗ ನಿಂತ್ರ ಅಕೀ ಜೀವ ತಡೀಲಾರದ ಎದ್ದು ಬರ್ತಾಳ ಅಂತ ಎರಡೂ ನಾನ ನಡಿಸಿದ್ನೆವ್ವಾ," ಎಂದರು. ಕಣ್ಣಲ್ಲಿ ನೀರು. ನಿನ್ನೆ ಫೋನಿನಲ್ಲಿ ನಾನಾಡಿದ ಮಾತಿಗೆ ಭೂಮಿಗಿಳಿದು ಹೋಗಬೇಕೆನಿಸಿತು. ಅವರ ಎರಡೂ ಕೈ ಹಿಡಿದು ತಪ್ಪಾಯಿತೆಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಇನಾಂದಾರರಿಗೆ ಫೋನ್ ಮಾಡಿದರೆ ಅವರು ಒಪ್ಪಲಿಲ್ಲ. "ಇದು ನಿಮ್ಮ ಊಹೆ ಮಂದಾಕಿನಿ. ಊಹೆ ನಂಬಿ ನಾನು ನರ ಕಳೆಯಲಾ? ಸಂಜೆಯೊಳಗೆ ಪುರಾವೆ ಕೊಡಿ. ಇಲ್ಲದಿದ್ದರೆ ಬೆಳಿಗ್ಗೆ ಏಳಕ್ಕೆ ಆಪರೇಷನ್."

ಪುರಾವೆ ಫರ್ಜಾನಾಳ ಕಪಾಟಿನಲ್ಲಿತ್ತು. ಶಸ್ತ್ರಚಿಕಿತ್ಸೆಯ ದಿನ ತೆಗೆದಿಟ್ಟ ದಾನಮ್ಮನ ಕಾಂಡಕೋಶಗಳು ಅಲ್ಲಿ ಜೀವಂತವಿದ್ದವು. ಗುರುಸಿದ್ದಪ್ಪ ಮಗ್ಗಗಳನ್ನು ಮೂರೇ ನಿಮಿಷ ಮತ್ತೆ ಓಡಿಸಿದ, ನಾನು ನೆಲದ ಅದುರನ್ನು ಫೋನಿನಲ್ಲಿ ಅಳೆದು ಕಳಿಸಿದೆ. ಅಷ್ಟು ಹೊತ್ತು ದಾನಮ್ಮನನ್ನು ಹಾಸಿಗೆಸಮೇತ ಎತ್ತಿ ಓಣಿಯ ಕಟ್ಟೆಯ ಮೇಲೆ ಮಲಗಿಸಿದ್ದೆವು. ನೆರೆಹೊರೆಯವರು ಇದೇನು ಹೊಸ ಚಿಕಿತ್ಸೆ ಎಂದು ಬಂದು ನಿಂತರು.

ಅತ್ತ ಧಾರವಾಡದ ಪ್ರಯೋಗಾಲಯದಲ್ಲಿ ಫರ್ಜಾನಾ ನಾಲ್ಕು ಬಟ್ಟಲು ಹೂಡಿದಳು. ಮೊದಲನೆಯದರಲ್ಲಿ ಬರಿಯ ಲೋಹ. ಎರಡನೆಯದರಲ್ಲಿ ಹೆಜ್ಜೆಲೇಪ, ಅಲುಗಾಟವಿಲ್ಲ. ಮೂರನೆಯದರಲ್ಲಿ ಹೆಜ್ಜೆಲೇಪದ ಜೊತೆಗೆ ಬನಹಟ್ಟಿಯ ಮಗ್ಗದ ಅದುರು. ನಾಲ್ಕನೆಯದರಲ್ಲಿ ಅದೇ ಅದುರು, ಆದರೆ ಗತಿ ನಿಧಾನ, ನಿಮಿಷಕ್ಕೆ ತೊಂಬತ್ತು. ನಾಲ್ಕನೆಯದನ್ನು ಯಾಕಿಟ್ಟೆ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಬಟ್ಟಲು ಖಾಲಿ ಇತ್ತು ಮ್ಯಾಡಮ್," ಎಂದಳು. ಕೋಶ ಮೂಳೆಯ ದಾರಿ ಹಿಡಿದರೆ ಅದರಲ್ಲಿ ಹಸಿರು ಹೊಳಪು ಕಾಣುವಂತೆ ಬಣ್ಣ ಹಾಕಿದ್ದಳು. ಅದಕ್ಕೆ ಐದು ಗಂಟೆ ಬೇಕು.

ಆ ಐದು ಗಂಟೆ ನಾನು ಸಾವಂತ್ರೆವ್ವನ ಮನೆಯಲ್ಲೇ ಕಳೆದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರು. ತಾಸಿಗೊಮ್ಮೆ ದಾನಮ್ಮನ ಹೆಬ್ಬೆರಳು ನೋಡುತ್ತಿದ್ದೆ. ಎತ್ತಮ್ಮಾ ಎಂದರೆ ಆಕೆ ಹಲ್ಲು ಕಚ್ಚುತ್ತಿದ್ದಳು, ಬೆರಳು ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಬಿದ್ದಿರುತ್ತಿತ್ತು. ಸಂಜೆ ಐದೂವರೆಗೆ ಫೋನು ಬಡಿದುಕೊಂಡಿತು.

"ಮೊದಲನೇದು ಕಪ್ಪು, ಎರಡನೇದು ಚೂರು ಹಸಿರು," ಎಂದಳು ಫರ್ಜಾನಾ. "ಮೂರನೇದು ನೋಡಾಕ ಆಗವಲ್ತು ಮ್ಯಾಡಮ್, ಬಟ್ಟಲ ತುಂಬ ಹಸಿರು. ಮಗ್ಗಾನ ಕಾರಣ."

"ನಾಲ್ಕನೇದು?"

"ಎರಡನೇದರಂಗ ಐತಿ. ತೊಂಬತ್ತಕ್ಕ ಅವು ಕಿವೀನ ಕೊಡವಲ್ವು."

ಚಿತ್ರಗಳನ್ನು ನೋಡಿದ ಇನಾಂದಾರರು ಮಗ್ಗವೇ ಕಾರಣವೆಂದು ಒಪ್ಪಿದರು. ಆಮೇಲೆ ದಾನಮ್ಮನಿಗೇ ಫೋನು ಕೊಡಿಸಿ ಬಿಡಿಸಿ ಹೇಳಿದರು. ಹೊಸ ಮೂಳೆ ಇನ್ನೂ ಎಳೆಯದು. ಕೆಲಸ ಕೊಡುವವರು ಇಲ್ಲದಿದ್ದರೆ ದೇಹವೇ ಅದನ್ನು ಕರಗಿಸೀತು. ಆದರೆ ಕರಗಿಯೇ ತೀರುತ್ತದೆ ಎಂದು ಬರೆದುಕೊಡಲಾರೆ. ಹತ್ತು ದಿನ ಕಾದು ಕರಗದಿದ್ದರೆ ಆಮೇಲೆ ಪಟ್ಟಿ ತೆಗೆದರೂ ಪಾದ ಬರುವುದಿಲ್ಲ. ನಾಳೆಯೇ ತೆಗೆದರೆ ಪಾದ ಉಳಿಯುತ್ತದೆ, ಕುಂಟು ಉಳಿಯುತ್ತದೆ.

ಗಂಡ, ಅತ್ತೆ, ನಾನು ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಕುಂಟಗಾಲಾಗ ಎರಡ ಮಗ್ಗದ ನಡುವ ದಿನಾ ನಿಂದರಾಕ ಆಗಾಂಗಿಲ್ರಿ ಡಾಕ್ಟರ. ಕಾಯ್ತೀನಿ," ಎಂದಳು ದಾನಮ್ಮ. ಫೋನು ನನ್ನ ಕೈಗೆ ಕೊಡುವಾಗ ಅವಳ ಬೆರಳುಗಳು ತಣ್ಣಗಿದ್ದವು.

ಆ ಹತ್ತು ದಿನ ನಾನು ಮನುಷ್ಯಳಾಗಿರಲಿಲ್ಲ. ಧಾರವಾಡದ ಮನೆಯಲ್ಲಿ ಮಿಕ್ಸರ್ ಹಾಕಿದರೂ ಗಂಡನ ಮೇಲೆ ಹರಿಹಾಯುತ್ತಿದ್ದೆ. ವರದಿ ಹರಿದು ಹಾಕಿ, 'ಕಾರಣ: ಲೇಪನ ರೂಪಿಸಿದವರ ತಪ್ಪು' ಎಂದು ಹೊಸದು ಬರೆದುಕೊಟ್ಟೆ. ಮೇಲಿನವರು ಮುಖ ಸಿಂಡರಿಸಿದರು. ಬನಹಟ್ಟಿಯಿಂದ ದಿನಾ ಸೊನ್ನೆ ಬರುತ್ತಿತ್ತು. ಎರಡು ಮಗ್ಗ ನಿಂತ ಮನೆಯಲ್ಲಿ ಗುರುಸಿದ್ದಪ್ಪ ಊರವರ ಮಗ್ಗಗಳನ್ನು ಇಮ್ಮಡಿ ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದ. ನಾಲ್ಕನೆಯ ದಿನ ಜಮಖಂಡಿಯಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ ಮುಳ್ಳು ಹಾಗೆಯೇ ಇತ್ತು. ಏಳನೆಯ ದಿನ ತುದಿ ಮಸುಕಾದಂತೆ ಕಂಡಿತು. ನನ್ನ ಆಸೆಗೆ ಹಾಗೆ ಕಂಡಿರಬೇಕೆಂದು ಇನಾಂದಾರರು ಗದರಿದರು. ಹತ್ತನೆಯ ದಿನ ಅವರೇ ಫೋನ್ ಮಾಡಿ, "ಅರ್ಧ ಕರಗಿದೆ" ಎಂದರು. ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆದರೆ ಪಾದ ಏಳಲಿಲ್ಲ. ನರ ಪೆಟ್ಟು ತಿಂದಿದೆ, ಬರಬಹುದು, ಬಾರದಿರಬಹುದು ಎಂದರು. ಎಂಟನೆಯ ವಾರ ನಡೆಯಲು ಅಪ್ಪಣೆ ಸಿಕ್ಕಿತು. ವಾಕರ್ ಹಿಡಿದು ಎದ್ದು ನಿಂತ ದಾನಮ್ಮ ಪಾದ ಜೋತಾಡುವುದನ್ನು ಕಂಡು ಹೆದರಿ ಮತ್ತೆ ಕೂತಳು. ಆಮೇಲೆ ಯಾರು ಹೇಳಿದರೂ ಏಳಲಿಲ್ಲ.

ನಾನು ಹೋದಾಗ ಅವಳು ಕಾಲಿನ ಮಾತೆತ್ತಲಿಲ್ಲ. "ಬಾಯಾರ, ಈ ಲೇಪ ನನ್ನ ತೊಡ್ಯಾಗ ಎಷ್ಟ ದಿನ ಇರತೈತ್ರಿ?" ಎಂದು ಕೇಳಿದಳು.

"ಕಡೀತನಕ."

"ಅಂದ್ರ ಮಗ್ಗ ಹಚ್ಚಿದಾಗೆಲ್ಲಾ ಅದು ಕೇಳತೈತಿ?"

ಬೇರೆ ಕೆಲಸ ಹುಡುಕೋಣ ಎಂದೇನೋ ತೊದಲಿದೆ.

"ಅದು ಯಾವ ಗತಿ ಕೇಳಾಂಗಿಲ್ಲ, ಅದನ್ನ ಹೇಳ್ರಿ."

ಫರ್ಜಾನಾಳ ನಾಲ್ಕನೆಯ ಬಟ್ಟಲನ್ನು ನಾನು ಆಗಲೇ ಮರೆತಿದ್ದೆ. ತೊಂಬತ್ತು ಎಂದೆ. ದಾನಮ್ಮ ಗಂಡನ ಕಡೆ ತಿರುಗಿದಳು. "ಮೋಟಾರಿಗೆ ಸಣ್ಣ ಪುಲ್ಲಿ ಕೂಡಿಸಿದ್ರ ತೊಂಬತ್ತಕ್ಕ ಇಳೀತೈತಲ್ಲ?"

ಒಂದು ತಿಂಗಳಲ್ಲಿ ನಮ್ಮ ಹನ್ನೊಂದು ಮಂದಿ ಪರಿಣತರಿಗೆ ಹೊಳೆಯದ್ದು ಇದು. ನಾವು ಲೇಪನ ಬದಲಿಸುವ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಬಟ್ಟೆ ಕಡಿಮೆ ಬೀಳುತ್ತದಲ್ಲ ಎಂದು ಗುರುಸಿದ್ದಪ್ಪ ಗೊಣಗಿದ. "ಬಿದ್ದಷ್ಟ ಬೀಳಲಿ, ಹೋಗಿ ಪುಲ್ಲಿ ಕಡಿಸ್ಕೊಂಡ ಬಾ," ಎಂದರು ಸಾವಂತ್ರೆವ್ವ.

ಮೂರನೆಯ ದಿನ ಮಧ್ಯಾಹ್ನ ಪುಲ್ಲಿಗಳು ಕೂತವು. ನಾನು ಫೋನು ಹಿಡಿದು ಮಗ್ಗಗಳ ಎದುರು ನಿಂತೆ. ಬೆನ್ನ ಹಿಂದೆ ಗೋಡೆಯ ಬಳಿ ದಾನಮ್ಮ ಹಾಸಿಗೆಯಲ್ಲಿದ್ದಳು. ಸಾವಂತ್ರೆವ್ವ ಗುಂಡಿ ಒತ್ತಿದರು. ಮಗ್ಗಗಳು ದಣಿದ ಎತ್ತುಗಳಂತೆ ನಿಧಾನವಾಗಿ ಹೊರಟವು. ಪರದೆಯಲ್ಲಿ ಸೊನ್ನೆ. ಎರಡೂ ಕೂಡಿ ಬಡಿದವು. ಅಂಗಾಲಿಗೆ ಅದುರು ತಿಳಿಯಿತು. ಸೊನ್ನೆ. ತಪ್ಪಿದವು, ಮತ್ತೆ ಕೂಡಿದವು. ಐದು ನಿಮಿಷ, ಎಂಟು ನಿಮಿಷ. ಸೊನ್ನೆಯೇ. ಗುರುಸಿದ್ದಪ್ಪ ಉಸಿರು ಬಿಟ್ಟ.

ಆಗ ಒಂದು ಬಿತ್ತು.

"ನಿಂದರಸ್ರಿ!" ಎಂದು ಕಿರುಚಿದೆ. ಸಾವಂತ್ರೆವ್ವ ಎರಡೂ ಗುಂಡಿಗಳ ಮೇಲೆ ಬಿದ್ದರು. ಮಗ್ಗಗಳು ನಿಂತವು. ಎಲ್ಲ ಹೋಯಿತು, ಈ ಉಪಾಯವೂ ಹೋಯಿತು ಎಂದುಕೊಂಡೆ. ನೆಲ ಕಲ್ಲಿನಂತೆ ಸುಮ್ಮನಿತ್ತು.

ಎರಡು.

ನಾವು ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ನಿಂತ ಮಗ್ಗ ಹೇಗೆ ಬಡಿಯುತ್ತದೆ? ಬಹಳ ಹೊತ್ತಿನ ಮೇಲೆ ಮೂರು ಬಿತ್ತು. ಮೊದಲು ತಿರುಗಿದವರು ಸಾವಂತ್ರೆವ್ವ. ಅವರ ಬಾಯಿಂದ "ಯವ್ವಾ" ಎಂಬ ಒಂದೇ ಮಾತು ಹೊರಟಿತು.

ದಾನಮ್ಮ ವಾಕರನ್ನೂ ಹಿಡಿದಿರಲಿಲ್ಲ. ಒಂದು ಕೈಯನ್ನು ಗೋಡೆಗೆ ಊರಿ, ಹಾಸಿಗೆಯಿಂದ ಮೂರು ಹೆಜ್ಜೆ ಈಚೆ, ತನ್ನ ಮಗ್ಗದ ಕಡೆ ಮುಖ ಮಾಡಿ ನಿಂತಿದ್ದಳು. ಹಣೆಯ ಮೇಲೆ ಬೆವರು. ನಮ್ಮನ್ನು ನೋಡದೆ ತನ್ನ ಪಾದವನ್ನೇ ನೋಡುತ್ತ, ಈತನಕ ಏಳದಿದ್ದ ಹೆಬ್ಬೆರಳನ್ನು ಮೆಲ್ಲಗೆ ನೆಲದಿಂದ ಎತ್ತಿ, ಕಾಲನ್ನು ಮುಂದಕ್ಕೆ ಇಟ್ಟಳು.

ನಾಲ್ಕು.